ಎದೆಯ ಬಗ್ಗೆ ಕಸಿವಿಸಿ ಆದರೆ ಎಲ್ಲಿಂದ ಶುರುಮಾಡಬೇಕು?

ಬಿರುಬೇಸಿಗೆಯಲ್ಲೂ ಜಾಕೆಟ್ ಬಿಚ್ಚದವರು, ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಅವುಚಿಕೊಂಡೇ ಕೂರುವವರು, ಗ್ರೂಪ್ ಫೋಟೊ ಅಂದ ತಕ್ಷಣ ಹಿಂದಿನ ಸಾಲಿಗೆ ಸರಿಯುವವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಕೇಳಿದರೆ "ಏನಿಲ್ಲ, ಸುಮ್ನೆ" ಅನ್ನುತ್ತಾರೆ. ಒಳಗೆ ನಡೆಯುತ್ತಿರುವುದು ಮಾತ್ರ ಬೇರೆ: ನನ್ನ ಎದೆ ನನ್ನದು ಅಂತ ಅನ್ನಿಸುತ್ತಿಲ್ಲ, ಅಲ್ಲಿ ಅದು ಇರಬಾರದಿತ್ತು, ಚಪ್ಪಟೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಈ ಲೇಖನ ಅಂಥವರಿಗೆ.

ಹೀಗೆ ಅನ್ನಿಸಿದ ಕೂಡಲೇ ಹೆಚ್ಚಿನವರು ಒಂದು ದೊಡ್ಡ ಪ್ರಶ್ನೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ. "ಹಾಗಾದರೆ ನಾನು ಟ್ರಾನ್ಸ್ ಪುರುಷನಾ? ನಾನ್ ಬೈನರಿನಾ? ಅಥವಾ ಸುಮ್ನೆ ಗಂಡುಬೀರಿ ಹುಡುಗಿನಾ?" (ಹುಟ್ಟಿನಲ್ಲಿ ಹೆಣ್ಣು ಅಂತ ಬರೆಸಿಕೊಂಡು ತಾನು ಗಂಡು ಅಂತ ಅನ್ನಿಸುವವರು ಟ್ರಾನ್ಸ್ ಪುರುಷರು. ಗಂಡು, ಹೆಣ್ಣು ಎರಡರಲ್ಲೂ ಪೂರ್ತಿ ಹೊಂದದವರು ನಾನ್ ಬೈನರಿ.) ಉತ್ತರ ಸಿಗುವವರೆಗೆ ಏನೂ ಮಾಡಬಾರದು ಅಂತ ವರ್ಷಗಟ್ಟಲೆ ಹಾಗೇ ನರಳುತ್ತಾರೆ. ಆ ಕ್ರಮವೇ ತಲೆಕೆಳಗು ಅಂತ ನನಗೆ ಅನ್ನಿಸುತ್ತದೆ. ಒಂದು ಸಡಿಲ ಶರ್ಟ್ ಹಾಕಿಕೊಳ್ಳಲು ನೀವು ಯಾರು ಅಂತ ತೀರ್ಮಾನ ಆಗಿರಬೇಕಿಲ್ಲ. ಮೊದಲು ಇವತ್ತಿನ ದಿನ ಸಲೀಸಾಗಿ ಕಳೆಯಲಿ. ಹೆಸರು ಬೇಕಾದರೆ ಆಮೇಲೆ ಬರುತ್ತದೆ, ಬರದಿದ್ದರೂ ನಡೆಯುತ್ತದೆ. ಅದಕ್ಕೇ ಇಲ್ಲಿರುವ ಹೆಜ್ಜೆಗಳು ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತವೆ. ಮೊದಲಿನವು ಎಲ್ಲ ವಾಪಸ್ ತೆಗೆದುಕೊಳ್ಳಬಹುದಾದಂಥವು.

1. ಕಿರಿಕಿರಿ ಯಾವಾಗ ಆಗುತ್ತದೆ ಅಂತ ಗಮನಿಸಿ

ಒಂದೆರಡು ವಾರ ಮೊಬೈಲಿನಲ್ಲೋ ಪುಟ್ಟ ನೋಟ್‌ಬುಕ್ಕಿನಲ್ಲೋ ಬರೆದುಕೊಳ್ಳಿ. ಎಲ್ಲಿದ್ದೆ, ಏನು ಹಾಕಿಕೊಂಡಿದ್ದೆ, ಯಾರಿದ್ದರು, ಏನನ್ನಿಸಿತು. ಒಂದೊಂದು ಸಾಲು ಸಾಕು. ಬೇರೆಯವರು ಓದಬಹುದು ಅನ್ನುವ ಭಯ ಇದ್ದರೆ ನಿಮಗೆ ಮಾತ್ರ ಅರ್ಥವಾಗುವ ಗುರುತು ಹಾಕಿ.

ಯಾಕೆ ಅಂದರೆ ಎದೆಯ ಬಗ್ಗೆ ಬೇಸರ ಎಲ್ಲರಲ್ಲೂ ಒಂದೇ ಕಾರಣಕ್ಕೆ ಹುಟ್ಟುವುದಿಲ್ಲ. ಕೆಲವರಿಗೆ ಜನರ ನೋಟದಿಂದ ಹಿಂಸೆ. ಒಬ್ಬರೇ ಇದ್ದಾಗ ಏನೂ ಅನ್ನಿಸುವುದಿಲ್ಲ, ಬೀದಿಗೆ ಇಳಿದರೆ ಮೈಯೆಲ್ಲ ಮುಳ್ಳು. ಕೆಲವರಿಗೆ ಭಾರದ್ದೇ ತೊಂದರೆ: ಬ್ರಾ ಪಟ್ಟಿ ಭುಜದಲ್ಲಿ ಗುಳಿ ಬೀಳಿಸುತ್ತದೆ, ಸಂಜೆಯ ಹೊತ್ತಿಗೆ ಕತ್ತು, ಬೆನ್ನು ನೋವು. ಇನ್ನು ಕೆಲವರಿಗೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ದೇಹ ಒಮ್ಮೆಲೇ ಬದಲಾದ ಗಾಬರಿ. ಅದು ಎಷ್ಟೋ ಮಂದಿಗೆ ಕಾಲ ಕಳೆದಂತೆ ತಾನಾಗಿ ಇಳಿಯುತ್ತದೆ. ಮತ್ತೆ ಕೆಲವರಿಗೆ, ಬಾಗಿಲು ಹಾಕಿಕೊಂಡು ಕತ್ತಲೆಯಲ್ಲಿ ಮಲಗಿದ್ದಾಗಲೂ, ಯಾರೂ ನೋಡದಿದ್ದಾಗಲೂ, ಇದು ನನ್ನ ದೇಹದ ಭಾಗ ಅಲ್ಲ ಅಂತ ಅನ್ನಿಸುತ್ತದೆ. ಈ ಕೊನೆಯದನ್ನು ಡಾಕ್ಟರುಗಳು ಡಿಸ್ಫೋರಿಯಾ ಅನ್ನುತ್ತಾರೆ. ಒಬ್ಬರಲ್ಲೇ ಎರಡು ಮೂರು ಕಾರಣ ಕಲೆತಿರುವುದೂ ಉಂಟು.

ಹುಡುಗರಿಗೂ ಒಂದು ಮಾತು. ಹರೆಯಕ್ಕೆ ಬರುವಾಗ ಹುಡುಗರ ಎದೆಯಲ್ಲೂ ಮೊಲೆತೊಟ್ಟಿನ ಹಿಂದೆ ಗಂಟಿನಂತೆ ಊದುವುದು ಬಹಳ ಸಾಮಾನ್ಯ. ಅದಕ್ಕೆ ಗೈನೆಕೊಮಾಸ್ಟಿಯಾ ಅನ್ನುತ್ತಾರೆ. ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ನೋವು ಜಾಸ್ತಿ ಆದರೆ, ಡಾಕ್ಟರಿಗೆ ತೋರಿಸಬೇಕು. ಕ್ಲಾಸಿನಲ್ಲಿ ಗೇಲಿ ಮಾಡಿದರೆಂದು ಊಟ ಬಿಡುವುದರಿಂದ ಅದು ಹೋಗುವುದಿಲ್ಲ.

ಎರಡು ವಾರದ ಬರಹ ಓದಿದಾಗ ಒಂದು ದಾರಿ ಕಾಣುತ್ತದೆ. ಭಾರದ ನೋವಾದರೆ ಸರಿಯಾದ ಅಳತೆಯ ಬ್ರಾ ಅರ್ಧ ಕೆಲಸ ಮಾಡುತ್ತದೆ. ಯಾರೋ ಒಬ್ಬರು ಮುಟ್ಟಿದ್ದು, ಕಾಡಿದ್ದು ಕಾರಣವಾದರೆ ಬಟ್ಟೆ ಬದಲಿಸುವುದಕ್ಕಿಂತ ಮೊದಲು ಅದನ್ನು ನಂಬುವವರ ಹತ್ತಿರ ಹೇಳಬೇಕು. 18 ತುಂಬದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

2. ಮನೆಯೊಳಗಿನ ಸಣ್ಣ ಬದಲಾವಣೆಗಳು

ಸ್ನಾನ ಹಲವರಿಗೆ ದಿನದ ಕೆಟ್ಟ ಹೊತ್ತು. ಬಚ್ಚಲಲ್ಲಿ ತೆಳ್ಳಗಿನ ಟವೆಲನ್ನೋ ಹಳೆಯ ಬನಿಯನ್ನನ್ನೋ ಮೈಮೇಲೆ ಇಟ್ಟುಕೊಂಡೇ ನೀರು ಹಾಕಿಕೊಳ್ಳಬಹುದು. ನಮ್ಮ ಕಡೆ ಹೊಳೆ, ಕೆರೆ ಸ್ನಾನಕ್ಕೆ ಬಟ್ಟೆ ಉಟ್ಟೇ ಇಳಿಯುವುದು ಹೊಸದಲ್ಲ. ಆಮೇಲೆ ಚೆನ್ನಾಗಿ ಒರೆಸಿಕೊಳ್ಳಿ, ಅದರಲ್ಲೂ ಎದೆಯ ಕೆಳಗಿನ ಮಡಿಕೆಯಲ್ಲಿ. ಅಲ್ಲಿ ತೇವ ನಿಂತರೆ ತುರಿಕೆ ಖಂಡಿತ.

ಕೋಣೆಯ ಕನ್ನಡಿಯನ್ನು ಮುಖ ಮಾತ್ರ ಕಾಣುವಷ್ಟು ಮೇಲೆ ತೂಗುಹಾಕಿ. ತಲೆ ಬಾಚಲು ಅಷ್ಟು ಸಾಕು.

ಇನ್ನು ಬೆನ್ನು. ಎದೆ ಮುಚ್ಚಲು ಭುಜ ಮುಂದಕ್ಕೆ ತಂದು ಗೂನಾಗುವುದು ಎಲ್ಲರಿಗೂ ಅಭ್ಯಾಸವಾಗಿಬಿಡುತ್ತದೆ. ಕೆಲವು ವರ್ಷದಲ್ಲಿ ಕತ್ತು, ಬೆನ್ನಿನ ಮೇಲ್ಭಾಗ ಎರಡೂ ಹಿಡಿದುಕೊಳ್ಳುತ್ತವೆ. ದಿನಕ್ಕೆ ಎರಡು ಸಲ ಬಾಗಿಲ ಚೌಕಟ್ಟಿನಲ್ಲಿ ನಿಲ್ಲಿ. ಮೊಣಕೈಗಳನ್ನು ಭುಜದ ಎತ್ತರಕ್ಕೆ ಮಡಚಿ, ಎರಡೂ ಮುಂಗೈಗಳನ್ನು ಚೌಕಟ್ಟಿಗೆ ಒತ್ತಿ. ಒಂದು ಕಾಲು ಮುಂದಿಟ್ಟು ಎದೆ ಹಿಗ್ಗುವಷ್ಟು ನಿಧಾನ ಮುಂದಕ್ಕೆ ವಾಲಿ. 20 ಸೆಕೆಂಡ್ ಉಸಿರಾಡುತ್ತಾ ಇರಿ. ಎದೆ ಮುಂದೆ ಬರುತ್ತದಲ್ಲ ಅಂತ ಮುಜುಗರ ಆಗಬಹುದು, ಆದ್ದರಿಂದ ಒಬ್ಬರೇ ಇದ್ದಾಗ ಮಾಡಿ. ಇನ್ನೊಂದು ವಿಷಯ: ಸಡಿಲ ಶರ್ಟಿನೊಳಗೆ ನೆಟ್ಟಗೆ ನಿಂತ ಮೈ, ಗೂನು ಹಾಕಿದ ಮೈಗಿಂತ ಚಪ್ಪಟೆಯಾಗಿಯೇ ಕಾಣುತ್ತದೆ. ಬಾಗಿದಾಗ ಬಟ್ಟೆ ಮುಂದಕ್ಕೆ ಜೋತು ಎದೆಯ ಗಾತ್ರವನ್ನೇ ಎತ್ತಿ ತೋರಿಸುತ್ತದೆ.

3. ಬಟ್ಟೆ

ಖರ್ಚು ಕಮ್ಮಿ, ಅಪಾಯ ಇಲ್ಲ, ಯಾರಿಗೂ ವಿವರಣೆ ಕೊಡಬೇಕಿಲ್ಲ. ಬಟ್ಟೆಯಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಮಾಡಿ ನೋಡಿ, ಆಮೇಲಷ್ಟೇ ಮುಂದಿನ ಹೆಜ್ಜೆಗೆ ಹೋಗಿ.

ಮೈಗೆ ಅಂಟುವ ತೆಳು ಬಟ್ಟೆ, ಲೈಕ್ರಾ ಬೆರೆತ ಟಿ ಶರ್ಟ್, ಹೊಳಪಿನ ಸ್ಯಾಟಿನ್ ದೂರ ಇಡಿ. ಸ್ವಲ್ಪ ದಪ್ಪ, ಗರಿಗರಿಯಾಗಿ ನಿಲ್ಲುವ ಬಟ್ಟೆ ಬೇಕು. ಖಾದಿ, ಕೈಮಗ್ಗದ ಹತ್ತಿ, ಡೆನಿಮ್, ದಪ್ಪ ಕಾಟನ್ ಟಿ ಶರ್ಟ್ ಇವೆಲ್ಲ ಮೈಯ ಆಕಾರ ಹಿಡಿಯದೆ ತಮ್ಮ ಆಕಾರದಲ್ಲೇ ನಿಲ್ಲುತ್ತವೆ. ಬಣ್ಣ ಗಾಢವಾಗಿದ್ದರೆ ನೆರಳು ಕಾಣುವುದಿಲ್ಲ. ಚಿಕ್ಕ ಚಿಕ್ಕ ಪ್ರಿಂಟ್, ಚೌಕುಳಿ ಒಳ್ಳೆಯದು. ಅಡ್ಡಗೆರೆ ಬೇಡ, ಉಬ್ಬಿನ ಮೇಲೆ ಗೆರೆ ಬಾಗಿ ಅದನ್ನೇ ತೋರಿಸುತ್ತದೆ. ಎದೆಯ ಮೇಲೆ ಎರಡೂ ಕಡೆ ಮುಚ್ಚಳದ ಜೇಬಿರುವ ಶರ್ಟ್ ಸಿಕ್ಕರೆ ಬಿಡಬೇಡಿ. ಒಳಗೆ ಬನಿಯನ್, ಮೇಲೆ ಬಟನ್ ಬಿಚ್ಚಿದ ಶರ್ಟ್ ಹಾಕುವುದು ಸುಲಭದ ಉಪಾಯ.

ಗಂಡಸರ ರೆಡಿಮೇಡ್ ಶರ್ಟ್ ತಗೊಂಡಾಗ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು. ಭುಜ ಜೋತುಬಿದ್ದರೆ ಅಣ್ಣನ ಬಟ್ಟೆ ಹಾಕಿಕೊಂಡ ಹಾಗೆ ಕಾಣುತ್ತದೆ. ಭುಜ ಸರಿಯಿದ್ದು ಎದೆ ಬಿಗಿಯಾದರೆ ಬಟನ್ ನಡುವೆ ಬಾಯಿ ಬಿಡುತ್ತದೆ. ಇವೆರಡರ ನಡುವೆ ಒದ್ದಾಡುವ ಬದಲು ದರ್ಜಿಯ ಹತ್ತಿರ ಹೋಗುವುದೇ ಮೇಲು. ಇದು ನಮ್ಮ ಊರುಗಳ ದೊಡ್ಡ ಅನುಕೂಲ. ಒಂದು ಬೀದಿಗೆ ಒಬ್ಬ ಟೈಲರ್ ಇರುತ್ತಾರೆ, ಹೊಲಿಸಲು ಕಾರಣ ಹೇಳಬೇಕಿಲ್ಲ. ನಾಲ್ಕು ಮಾತು ಸಾಕು: "ಎದೆಗೆ ಡಾರ್ಟ್ ಬೇಡ. ಸೊಂಟಕ್ಕೆ ಶೇಪ್ ಬೇಡ, ನೇರ ಕಟಿಂಗ್. ಭುಜ ಸರಿ ಅಳತೆ. ಎದೆ ಸುತ್ತಳತೆಗೆ ನಾಲ್ಕಾರು ಇಂಚು ಲೂಸ್ ಬಿಡಿ." ಡಾರ್ಟ್ ಅಂದರೆ ಎದೆಯ ಉಬ್ಬಿಗೆ ಹೊಂದಲು ಬಟ್ಟೆ ಮಡಚಿ ಹಾಕುವ ಹೊಲಿಗೆ. ಅಳತೆ ತೆಗೆಸಿಕೊಳ್ಳುವುದೇ ಹಿಂಸೆ ಅನ್ನಿಸಿದರೆ, ಸರಿಯಾಗಿ ಕೂರುವ ಒಂದು ಹಳೆಯ ಶರ್ಟ್ ಕೊಟ್ಟು "ಇದೇ ಅಳತೆಗೆ" ಅನ್ನಿ.

ಚೂಡಿದಾರ ಬಿಡಲಾಗದ ಮನೆ, ಕಾಲೇಜು ಇದ್ದರೆ ಉದ್ದ ಕುರ್ತಾವನ್ನೂ ಇದೇ ಮಾತಿನಲ್ಲಿ ಹೊಲಿಸಿ. ವೇಲನ್ನು ಎರಡೂ ಭುಜಕ್ಕೆ ಪಿನ್ ಮಾಡಿ ಹಾಕುವುದು ಎದೆ ಮುಚ್ಚುತ್ತದೆ ನಿಜ. ಕೆಲವರಿಗೆ ವೇಲೇ ಹೆಣ್ಣುತನದ ಗುರುತಾಗಿ ಚುಚ್ಚುತ್ತದೆ. ಅಂಥವರಿಗೆ ಮೇಲೊಂದು ವೇಸ್ಟ್‌ಕೋಟ್ ಆಗುತ್ತದೆ. ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಚೂಡಿದಾರದ ಮೇಲೆ ಓವರ್‌ಕೋಟ್ ಹಾಕುವ ಯೂನಿಫಾರ್ಮ್ ಇದೆ. ನಿಮ್ಮಲ್ಲಿ ಅದು ಕಡ್ಡಾಯ ಅಲ್ಲದಿದ್ದರೂ ಹಾಕಿಕೊಳ್ಳಲು ಅನುಮತಿ ಕೇಳಿದರೆ ಬೇಡ ಅನ್ನುವವರು ಕಮ್ಮಿ. ಪಿಟಿ ಪೀರಿಯಡ್ಡಿಗೆ ಒಂದಳತೆ ದೊಡ್ಡ ಟಿ ಶರ್ಟ್ ಇರಲಿ.

ಮದುವೆ, ಹಬ್ಬ ಬಂದಾಗ ಸೀರೆಯ ಜಗಳ ಶುರುವಾಗುತ್ತದೆ. ತಪ್ಪಿಸಲು ಆಗದಿದ್ದರೆ ರವಿಕೆಯನ್ನು ಶರ್ಟಿನ ಕಾಲರ್, ಉದ್ದ ತೋಳು, ಸಡಿಲ ಎದೆ ಇಟ್ಟು ಹೊಲಿಸಿ. ಈಗ ಅದು ಫ್ಯಾಷನ್ ಕೂಡ ಹೌದು, ಅಜ್ಜಿಯೂ ಗೊಣಗುವುದಿಲ್ಲ. ಸೆರಗನ್ನು ನೆರಿಗೆ ಮಾಡದೆ ಹರವಿ ಬಿಡಿ.

4. ಸ್ಪೋರ್ಟ್ಸ್ ಬ್ರಾ ಮತ್ತು ಬೈಂಡರ್

ಬಟ್ಟೆ ಸಾಲದು ಅನ್ನಿಸಿದಾಗ ಇಲ್ಲಿಗೆ ಬನ್ನಿ. ಮೊದಲು ಸ್ಪೋರ್ಟ್ಸ್ ಬ್ರಾ, ಅದರಲ್ಲೂ ಕಪ್ ಇಲ್ಲದ, ಪ್ಯಾಡ್ ತೆಗೆಯಬಹುದಾದ, ಎದೆಯನ್ನು ಒತ್ತಿ ಹಿಡಿಯುವ ಮಾದರಿ. ಅಮ್ಮನ ಜೊತೆಗೇ ಹೋಗಿ ಅಂಗಡಿಯಲ್ಲಿ ತಗೊಳ್ಳಬಹುದು, ಓಟಕ್ಕೆ ಅಂತ ಹೇಳಿದರಾಯಿತು. ಚಿಕ್ಕ, ಮಧ್ಯಮ ಗಾತ್ರದ ಎದೆಯವರಿಗೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. 18ರೊಳಗಿನವರು ಆದಷ್ಟೂ ಇಲ್ಲೇ ನಿಲ್ಲಿ, ಪಕ್ಕೆಲುಬು ಇನ್ನೂ ಬೆಳೆಯುತ್ತಿರುತ್ತದೆ.

ಬೈಂಡರ್ ಅಂದರೆ ಎದೆಯನ್ನು ಚಪ್ಪಟೆ ಮಾಡಲೆಂದೇ ಹೊಲಿದ ಒಳಉಡುಪು. ತುಂಡು ಬನಿಯನ್ನಿನಂತೆ ಇರುತ್ತದೆ. ಮುಂಭಾಗದಲ್ಲಿ ಹಿಗ್ಗದ ಬಟ್ಟೆ, ಬೆನ್ನಿಗೆ ಹಿಗ್ಗುವ ಬಟ್ಟೆ. ಉಸಿರಾಡಲು ಜಾಗ ಕೊಡುವುದು ಆ ಹಿಗ್ಗುವ ಬೆನ್ನು. ಭಾರತದಲ್ಲಿ ಬೀದಿ ಅಂಗಡಿಯಲ್ಲಿ ಸಿಗುವುದು ಕಷ್ಟ, ಆನ್‌ಲೈನಿನಲ್ಲಿ ಸಿಗುತ್ತದೆ.

ಕ್ರೇಪ್ ಬ್ಯಾಂಡೇಜ್ ಎದೆಗೆ ಸುತ್ತಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಮ್ಮಿ, ಯಾಕೆಂದರೆ ಪ್ರತಿ ಮನೆಯ ಔಷಧಿ ಡಬ್ಬಿಯಲ್ಲೂ ಅದೊಂದು ಇರುತ್ತದೆ, ಕೈಗೆ ಮೊದಲು ಸಿಗುವುದೂ ಅದೇ. ಉಳುಕಿದ ಕಾಲನ್ನು ಬಿಗಿಯಾಗಿ ಹಿಡಿಯಲು ಮಾಡಿದ ಪಟ್ಟಿ ಅದು. ನಾವು ಉಸಿರು ಎಳೆದಾಗ ಪಕ್ಕೆಲುಬು ಹೊರಕ್ಕೆ ಅರಳಬೇಕು. ಸುತ್ತಿದ ಪಟ್ಟಿ ಅರಳಲು ಬಿಡುವುದಿಲ್ಲ, ಓಡಾಡಿದಷ್ಟೂ ಇನ್ನಷ್ಟು ಕಚ್ಚಿ ಕೂರುತ್ತದೆ. ಪಕ್ಕೆಲುಬಿಗೆ ಪೆಟ್ಟಾಗಬಹುದು. ಪ್ಯಾಕಿಂಗ್ ಟೇಪ್, ಪ್ಲಾಸ್ಟಿಕ್ ಹಾಳೆ, ಬಿಗಿದು ಕಟ್ಟಿದ ವೇಲು, ಸೊಂಟದ ಬೆಲ್ಟ್ ಇವೂ ಬೇಡ. ಎರಡು ಬೈಂಡರ್ ಒಂದರ ಮೇಲೊಂದು ಹಾಕುವುದು, ಬೇಕೆಂದೇ ಒಂದಳತೆ ಚಿಕ್ಕದು ತಗೊಳ್ಳುವುದು ಎರಡೂ ತಪ್ಪು. ಚಿಕ್ಕ ಬೈಂಡರ್ ಎದೆಯನ್ನು ಇನ್ನಷ್ಟು ಚಪ್ಪಟೆ ಮಾಡುವುದಿಲ್ಲ, ಕಂಕುಳಲ್ಲಿ, ಕತ್ತಿನ ಹತ್ತಿರ ಮಾಂಸ ಉಬ್ಬಿಸುತ್ತದೆ ಅಷ್ಟೇ.

ಅಳತೆಗೆ ಟೈಲರ್ ಟೇಪ್ ಬೇಕು. ಎದೆಯ ಅತಿ ದೊಡ್ಡ ಸುತ್ತಳತೆ, ಎದೆಯ ಕೆಳಗಿನ ಸುತ್ತಳತೆ, ಭುಜದಿಂದ ಭುಜಕ್ಕೆ ಅಗಲ, ಈ ಮೂರು. ಟೇಪ್ ಮೈಗೆ ತಾಗಿರಬೇಕು, ಬಿಗಿಯಬಾರದು. ಕೈ ಇಳಿಬಿಟ್ಟು ಸಹಜವಾಗಿ ಉಸಿರಾಡುವಾಗ ಓದಿ. ಎರಡು ಅಳತೆಯ ನಡುವೆ ಬಂದರೆ ದೊಡ್ಡದನ್ನೇ ಆರಿಸಿ.

ಬಂದ ದಿನ ಹೊರಗೆ ಹಾಕಿಕೊಂಡು ಹೋಗಬೇಡಿ. ಮನೆಯಲ್ಲಿ ಒಂದು ಗಂಟೆ ಹಾಕಿ ನೋಡಿ. ತಲೆ ಮೇಲಿಂದ ಹಾಕಿಕೊಳ್ಳಲು ಕಷ್ಟವಾದರೆ ಒಳಹೊರಗು ಮಾಡಿ, ಮೇಲು ಕೆಳಗು ಹಿಡಿದು, ಕಾಲಿನಿಂದ ಸೊಂಟದವರೆಗೆ ಎಳೆದು, ಆಮೇಲೆ ಮೇಲಿನ ಭಾಗವನ್ನು ತಿರುಗಿಸಿ ಎತ್ತಿ ತೋಳು ತೂರಿಸಿ. ಬೆವರಿದ ಮೈಗೆ ಹಾಕಬೇಡಿ, ಅರ್ಧಕ್ಕೆ ಸಿಕ್ಕಿಕೊಂಡು ಗಾಬರಿಯಾಗುತ್ತದೆ. ಹಾಕಿದ ಮೇಲೆ ಕೈ ಒಳಗೆ ಹಾಕಿ ಎದೆಯನ್ನು ಎರಡೂ ಬದಿಗೆ, ಸ್ವಲ್ಪ ಕೆಳಕ್ಕೆ ಸರಿಸಿ. ನಡುವೆ ಒತ್ತರಿಸಿ ನಿಂತರೆ ಒಂದೇ ದಿಂಡಿನಂತೆ ಕಾಣುತ್ತದೆ. ಈಗ ಪರೀಕ್ಷೆ ಮಾಡಿ. ಹೊಟ್ಟೆ ತುಂಬ ಉಸಿರೆಳೆಯಿರಿ. ಜೋರಾಗಿ ಕೆಮ್ಮಿ. ಎರಡೂ ಕೈ ತಲೆ ಮೇಲೆತ್ತಿ. ಒಂದು ಮಹಡಿ ಮೆಟ್ಟಿಲು ಹತ್ತಿ, ಹತ್ತುತ್ತಾ ಯಾರ ಜೊತೆಗಾದರೂ ಫೋನಿನಲ್ಲಿ ಮಾತಾಡಿ. ಮಾತು ತುಂಡಾದರೆ ಅಳತೆ ಚಿಕ್ಕದಾಗಿದೆ ಅಂತ ಅರ್ಥ.

ಸರಿಹೋದರೆ ದಿನಕ್ಕೆ ಎರಡು ಗಂಟೆಯಿಂದ ನಿಧಾನವಾಗಿ ಏರಿಸಿ. ಎಷ್ಟೇ ಅಭ್ಯಾಸ ಆದರೂ 8 ಗಂಟೆ ದಾಟಬೇಡಿ. ಮಲಗುವಾಗ ಕಡ್ಡಾಯವಾಗಿ ತೆಗೆಯಿರಿ. ಆಟ, ಜಿಮ್, ಹೊಲದ ಕೆಲಸ, ಭಾರ ಹೊರುವಾಗ ಬೇಡ, ಆಗ ಸ್ಪೋರ್ಟ್ಸ್ ಬ್ರಾ ಸಾಕು. ನೆಗಡಿ ಕೆಮ್ಮು ಇದ್ದ ದಿನ ಬೇಡ, ಕಫ ಹೊರಗೆ ಬರಲು ಎದೆ ಹಿಗ್ಗಬೇಕು. ಅಸ್ತಮಾ ಇದ್ದವರು, ಬೆನ್ನುಮೂಳೆ ಬಾಗಿದವರು ಡಾಕ್ಟರನ್ನು ಕೇಳದೆ ಹಾಕಬೇಡಿ.

ವಾರದಲ್ಲಿ ಕೆಲವು ದಿನ ಪೂರ್ತಿ ರಜೆ ಕೊಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಬೈಂಡಿಂಗ್ ಬಗ್ಗೆ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 1,800 ವಯಸ್ಕರು ತಮ್ಮ ಅನುಭವ ಹೇಳಿದ್ದರು. ನೂರಕ್ಕೆ 97 ಜನರಿಗೆ ಬೆನ್ನುನೋವು, ಮೈ ಬಿಸಿಯೇರುವುದು, ಉಸಿರು ಸಾಲದಿರುವುದು, ತುರಿಕೆ ಹೀಗೆ ಒಂದಲ್ಲ ಒಂದು ತೊಂದರೆ ಆಗಿತ್ತು. ತೊಂದರೆಗೆ ಅತಿ ಹತ್ತಿರದ ನಂಟು ಇದ್ದದ್ದು ವಾರಕ್ಕೆ ಎಷ್ಟು ದಿನ ಹಾಕುತ್ತಾರೆ ಅನ್ನುವುದಕ್ಕೆ. ಅದೇ ಜನ ಬೈಂಡರಿನಿಂದ ಮನಸ್ಸು ಹಗುರಾಯಿತು, ಧೈರ್ಯ ಬಂತು ಅಂತಲೂ ಹೇಳಿದ್ದರು. ಎರಡೂ ನಿಜ. ಆದ್ದರಿಂದ ಹಾಕಲೇಬೇಕಾದ ದಿನಗಳನ್ನು ನೀವೇ ಆರಿಸಿ. ಕಾಲೇಜಿನ ದಿನ ಬೇಕು ಅನ್ನಿಸಿದರೆ ಭಾನುವಾರ ಹಾಗೂ ಮನೆಯಲ್ಲಿರುವ ಸಂಜೆಗಳು ದೇಹದ ಪಾಲಿಗೆ ಬಿಡಿ.

ಉಸಿರು ಕಟ್ಟಿದ ಹಾಗಾದರೆ, ತಲೆ ಸುತ್ತಿದರೆ, ಬೆರಳು ಜೋಮು ಹಿಡಿದರೆ, ಪಕ್ಕೆಯಲ್ಲಿ ಚುಚ್ಚಿದರೆ ಆ ಕ್ಷಣ ತೆಗೆಯಿರಿ. ಆಫೀಸ್ ಟಾಯ್ಲೆಟ್ ಆದರೂ ಸರಿ, ಬಸ್ ಸ್ಟ್ಯಾಂಡಿನ ಶೌಚಾಲಯವಾದರೂ ಸರಿ. ಅದಕ್ಕೇ ಬ್ಯಾಗಿನಲ್ಲಿ ಯಾವಾಗಲೂ ಒಂದು ಸಡಿಲ ಶರ್ಟ್ ಇರಲಿ. ತೆಗೆದ ಮೇಲೂ ಪಕ್ಕೆ ನೋವು ಉಳಿದರೆ ಡಾಕ್ಟರ್ ಹತ್ತಿರ ಹೋಗಿ.

ನಮ್ಮ ಹವೆಯ ಲೆಕ್ಕ ಬೇರೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಂಗಳೂರಿನಲ್ಲಿ ಬೆವರು ಆರುವುದೇ ಇಲ್ಲ. ಈ ಊರುಗಳಲ್ಲಿ 8 ಗಂಟೆ ಅನ್ನುವುದು ಜಾಸ್ತಿಯೇ, ನಾಲ್ಕೈದಕ್ಕೆ ಇಳಿಸಿ. ಒಳಗೆ ತೆಳು ಹತ್ತಿಯ ಬನಿಯನ್ ಹಾಕಿದರೆ ಬೆವರು ಹೀರುತ್ತದೆ. ನೀರು ಚೆನ್ನಾಗಿ ಕುಡಿಯಿರಿ.

ಒಗೆಯುವುದು ಕೈಯಲ್ಲೇ, ತಣ್ಣೀರು, ಮೆದು ಸೋಪು. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಒಣಗಿಸುವುದೇ ಕಷ್ಟದ ಕೆಲಸ ಅಂತ ಗೊತ್ತು. ಹಾಸ್ಟೆಲ್ಲಿನ ತಂತಿಯ ಮೇಲೆ ಎಲ್ಲರ ಕಣ್ಣಿರುತ್ತದೆ. ಹಾಗಂತ ಒದ್ದೆಯನ್ನು ಕಪಾಟಿನಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ತೇವದ ಬಟ್ಟೆಯಿಂದ ಮೈಗೆ ಹುಳುಕಡ್ಡಿಯೂ ಬರಬಹುದು. ರಾತ್ರಿ ಹ್ಯಾಂಗರಿಗೆ ಹಾಕಿ, ಮೇಲೊಂದು ತೆಳು ಟವೆಲ್ ಇಳಿಬಿಟ್ಟು, ಫ್ಯಾನಿನ ಕೆಳಗೆ ತೂಗಿ. ಬೆಳಗ್ಗೆ ಹೊತ್ತಿಗೆ ಒಣಗಿರುತ್ತದೆ.

ಆಟಗಾರರು ಮೊಣಕಾಲಿಗೆ ಅಂಟಿಸಿಕೊಳ್ಳುವ ಹಿಗ್ಗುವ ಬಟ್ಟೆ ಟೇಪನ್ನೂ ಕೆಲವರು ಬಳಸುತ್ತಾರೆ. ಅದನ್ನು ಮೈಸುತ್ತ ಸುತ್ತಬಾರದು, ಎದೆಯನ್ನು ಬದಿಗೆ ಎಳೆದು ಕಂಕುಳ ಕಡೆಗೆ ಅಂಟಿಸಬೇಕು, ಮೊಲೆತೊಟ್ಟಿಗೆ ಹತ್ತಿಯ ತುಂಡು ಮುಚ್ಚಿರಬೇಕು. ಮೊದಲು ಚಿಕ್ಕ ತುಂಡನ್ನು ಹೊಟ್ಟೆಗೆ ಅಂಟಿಸಿ ಒಂದು ದಿನ ನೋಡಿ. ಕೆಂಪಾದರೆ ಆ ಟೇಪು ನಿಮಗಲ್ಲ. ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಿ. ಒಣ ಟೇಪ್ ಎಳೆದರೆ ಚರ್ಮವೇ ಬರುತ್ತದೆ.

5. ಎದೆಯಷ್ಟೇ ಅಲ್ಲ

ಎದೆಯ ಮೇಲಿನ ಸಿಟ್ಟು ಎಷ್ಟೋ ಸಲ ಬೇರೆ ಕಡೆ ಗಮನ ಹೋದಾಗ ಕಮ್ಮಿಯಾಗುತ್ತದೆ. ಕೂದಲು ಕತ್ತರಿಸಿಕೊಂಡ ದಿನ ಕೆಲವರಿಗೆ ಕನ್ನಡಿ ಮೊದಲ ಸಲ ಇಷ್ಟವಾಗುತ್ತದೆ. ಶೂ, ವಾಚು, ಅಪ್ಪನ ಹಳೆಯ ಪೆನ್ನು ಜೇಬಿಗೆ ಸಿಕ್ಕಿಸಿಕೊಳ್ಳುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಒಂದೊಂದನ್ನೇ ಮಾಡಿ ನೋಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದು ನಿಜವಾಗಿ ನೆಮ್ಮದಿ ಕೊಟ್ಟಿತು ಅಂತ ಗೊತ್ತಾಗುವುದಿಲ್ಲ.

ಮಾತಿನ ವಿಷಯದಲ್ಲಿ ನಮಗೆ ಸ್ವಲ್ಪ ಸುಲಭ. ನಾನು ಬಂದೆ, ನಾನು ಹೋದೆ ಅನ್ನುವಾಗ ಗಂಡು ಹೆಣ್ಣು ಹೇಳಬೇಕಿಲ್ಲ. ನಿಮ್ಮ ಬಗ್ಗೆ ಬೇರೆಯವರು ಹೇಳುವಾಗ ಬಂದಳು, ಬಂದ ಅನ್ನುವುದು ಚುಚ್ಚಿದರೆ, ಹತ್ತಿರದ ಒಬ್ಬಿಬ್ಬರಿಗೆ "ನನಗೆ ಅವರು, ಬಂದ್ರು ಅಂತ ಅನ್ನಿ" ಅಂತ ಕೇಳಿ. ಮರ್ಯಾದೆಯ ಮಾತೇ ಆದ್ದರಿಂದ ಪಕ್ಕದಲ್ಲಿದ್ದವರಿಗೆ ವಿಚಿತ್ರ ಅನ್ನಿಸುವುದಿಲ್ಲ. ಅಥವಾ ಬಂದ, ಹೋದ ಅಂತಲೇ ಕರೆಸಿಕೊಂಡು ನೋಡಿ, ಒಳಗೆ ಹೇಗನ್ನಿಸುತ್ತದೆ ಅಂತ ಕೇಳಿಸಿಕೊಳ್ಳಿ.

ಇನ್ನೊಂದು ಒಳ್ಳೆಯ ಜಾಗ ನಾಟಕ. ರಂಗನಟಿ ಆರ್. ನಾಗರತ್ನಮ್ಮ 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಅವರ ಕಂಸ, ರಾವಣ ಪಾತ್ರಗಳಿಗೆ ಜನ ಮುಗಿಬೀಳುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವ ಗಂಡಸರನ್ನು ಊರೇ ಗೌರವಿಸುತ್ತದೆ. ಪಾತ್ರ ಮಾಡಿದವರೆಲ್ಲ ಟ್ರಾನ್ಸ್ ಅಂತ ಖಂಡಿತ ಅಲ್ಲ. ಆದರೆ ಕಾಲೇಜು ನಾಟಕದಲ್ಲಿ ಮೀಸೆ ಅಂಟಿಸಿಕೊಂಡು ಎರಡು ಗಂಟೆ ರಂಗದ ಮೇಲೆ ನಿಲ್ಲಲು ಯಾರ ಅಪ್ಪಣೆಯೂ ಬೇಡ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಇದರ ಇನ್ನೊಂದು ತುದಿಯಲ್ಲಿರುವವರೂ ಇದ್ದಾರೆ. ಹುಟ್ಟಿನಲ್ಲಿ ಗಂಡು ಅಂತ ಬರೆಸಿಕೊಂಡು, ಎದೆ ಇಲ್ಲವಲ್ಲ ಅಂತ ಕೊರಗುವವರು. ಅವರಿಗೂ ಇದೇ ಕ್ರಮ. ಮೆತ್ತನೆಯ ಸ್ಪಂಜಿನ ಪ್ಯಾಡ್, ಸರಿಯಳತೆಯ ಬ್ರಾ, ಮನೆಯೊಳಗೆ ಒಂದಷ್ಟು ಹೊತ್ತು. ಯಾರೋ ಕೊಟ್ಟ ಹಾರ್ಮೋನ್ ಮಾತ್ರೆ ನುಂಗುವುದು ಮಾತ್ರ ಬೇಡ, ರಕ್ತ ಹೆಪ್ಪುಗಟ್ಟುವ ಅಪಾಯ ಇದೆ.

6. ಯಾರಿಗೆ ಹೇಳಬೇಕು, ಯಾರಿಗೆ ಬೇಡ

ಎಲ್ಲರಿಗೂ ಹೇಳಲೇಬೇಕು ಅನ್ನುವ ಸಾಲ ಯಾರ ಮೇಲೂ ಇಲ್ಲ. ಓದಿಗೆ, ಊಟಕ್ಕೆ, ಸೂರಿಗೆ ನೀವು ಮನೆಯವರನ್ನೇ ನಂಬಿದ್ದರೆ, ಹೇಳಿದ ಮೇಲೆ ಓದು ಬಿಡಿಸುತ್ತಾರೆ, ಮದುವೆ ಮಾಡಿಬಿಡುತ್ತಾರೆ ಅನ್ನುವ ಭಯ ಇದ್ದರೆ, ಕಾಯುವುದು ಹೇಡಿತನ ಅಲ್ಲ. ಮೊದಲು ಒಬ್ಬ ಗೆಳತಿ, ಒಬ್ಬ ಅಕ್ಕ, ಒಬ್ಬ ಮೇಷ್ಟ್ರು. ಅವರು ಬೇರೆಯವರ ಬಗ್ಗೆ ಹೇಗೆ ಮಾತಾಡುತ್ತಾರೆ ಅಂತ ಮೊದಲು ಕೇಳಿಸಿಕೊಳ್ಳಿ. ಟಿವಿಯಲ್ಲಿ ಮಂಗಳಮುಖಿಯರನ್ನು ಕಂಡಾಗ ಅಸಹ್ಯದ ಮಾತಾಡುವವರ ಹತ್ತಿರ ಸದ್ಯಕ್ಕೆ ಬೇಡ.

ಅಮ್ಮನಿಗೆ ಹೇಳುವ ಮನಸ್ಸಿದ್ದರೆ ದೊಡ್ಡ ದೊಡ್ಡ ಪದಗಳಿಂದ ಶುರುಮಾಡಬೇಡಿ. "ಅಮ್ಮಾ, ಈ ಟೈಟ್ ಬಟ್ಟೆ ಹಾಕಿಕೊಂಡರೆ ನನಗೆ ಉಸಿರುಗಟ್ಟಿದ ಹಾಗಾಗುತ್ತೆ, ಎದೆ ಕಾಣುವುದು ನನಗೆ ಹಿಂಸೆ. ಲೂಸ್ ಶರ್ಟ್ ಹಾಕಿಕೊಳ್ಳಲಾ?" ಇಷ್ಟೇ. ಎಷ್ಟೋ ತಾಯಂದಿರಿಗೆ ಹಿಂಸೆ ಅನ್ನುವ ಮಾತು ಅರ್ಥವಾಗುತ್ತದೆ, ಯಾಕೆಂದರೆ ಬೇರೆ ರೀತಿಯಲ್ಲಿ ಅವರೂ ಅನುಭವಿಸಿರುತ್ತಾರೆ.

ಫೋನ್ ಮನೆಯಲ್ಲಿ ಎಲ್ಲರ ಕೈಗೂ ಹೋಗುವುದಾದರೆ ಬೈಂಡರ್ ಆರ್ಡರ್ ಮಾಡುವ ಮುಂಚೆ ಯೋಚಿಸಿ. ಖಾತೆ ಯಾರದು, ಮೆಸೇಜ್ ಯಾರ ನಂಬರಿಗೆ ಬರುತ್ತದೆ, ಪಾರ್ಸೆಲ್ ಬಂದಾಗ ಬಾಗಿಲು ಯಾರು ತೆಗೆಯುತ್ತಾರೆ. ನಂಬಿಕೆಯ ಗೆಳೆಯರ ವಿಳಾಸ ಕೊಡುವುದು ಕ್ಷೇಮ.

7. ಡಾಕ್ಟರ್, ಕೌನ್ಸೆಲರ್, ಕಾನೂನು

ದಿನದ ಬಹುಪಾಲು ಇದೇ ಯೋಚನೆಯಾದರೆ, ಕಾಲೇಜಿಗೆ ಹೋಗುವುದೇ ನಿಂತರೆ, ಮೈಗೆ ಗಾಯ ಮಾಡಿಕೊಳ್ಳಬೇಕು, ಬದುಕೇ ಬೇಡ ಅನ್ನಿಸಿದರೆ ಆ ಹೊತ್ತಿಗೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಸರ್ಕಾರ ಶುರುಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. ನಿಮ್ಮಂಥವರನ್ನೇ ಕಾಣಬೇಕು ಅನ್ನಿಸಿದರೆ ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ "ಸಂಗಮ", ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಜೊತೆಗಾರರೊಡನೆ ಕಟ್ಟಿದ "ಒಂದೆಡೆ", ಹೀಗೆ ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳಿವೆ.

ಕೌನ್ಸೆಲರ್ ಆರಿಸುವಾಗ ಮೊದಲ ಭೇಟಿಯಲ್ಲೇ ಕೇಳಿ: "ನನ್ನಂಥವರ ಜೊತೆ ಕೆಲಸ ಮಾಡಿದ್ದೀರಾ?" ಒಳ್ಳೆಯವರು ನಿಮ್ಮನ್ನು ಟ್ರಾನ್ಸ್ ಅಂತಲೂ ಒಪ್ಪಿಸಲು ಹೋಗುವುದಿಲ್ಲ, ಅಲ್ಲ ಅಂತಲೂ ವಾದಿಸುವುದಿಲ್ಲ, ಕೂತು ಕೇಳುತ್ತಾರೆ. "ಸರಿ ಮಾಡಿಕೊಡುತ್ತೇನೆ, ಹುಡುಗಿಯನ್ನಾಗಿ ಮಾಡುತ್ತೇನೆ" ಅನ್ನುವವರಿದ್ದರೆ ಎದ್ದು ಬನ್ನಿ. ಹಾಗೆ ಬದಲಿಸುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಯ ದುರ್ನಡತೆ ಅಂತ ಸಾರಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಹೊಸ ರೋಗಪಟ್ಟಿಯಲ್ಲಿ, ಹುಟ್ಟಿನಲ್ಲಿ ಬರೆಸಿದ ಲಿಂಗಕ್ಕೂ ಒಳಗೆ ಅನ್ನಿಸುವುದಕ್ಕೂ ಹೊಂದದಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ಹೊರಗಿಟ್ಟಿದೆ. ಮನೆಯವರು ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದರೆ ಹೇಳಲು ಈ ಎರಡು ಮಾತು ನೆನಪಿರಲಿ.

ಬಟ್ಟೆ, ಕೂದಲಿನ ಬಗ್ಗೆ "ಇದೆಲ್ಲ ಕಾನೂನಿಗೆ ವಿರುದ್ಧ" ಅಂತ ಹೆದರಿಸುವವರೂ ಸಿಗುತ್ತಾರೆ. ಅದು ಸುಳ್ಳು. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಉಡುಗೆ, ಮಾತು, ನಡೆಯ ಮೂಲಕ ತನ್ನ ಲಿಂಗತ್ವ ತೋರಿಸಿಕೊಳ್ಳುವುದು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಅಂತ ಹೇಳಿದೆ. ಶರ್ಟು ಪ್ಯಾಂಟು ಹಾಕಲು ಯಾವ ಸರ್ಟಿಫಿಕೇಟೂ ಬೇಡ.

ಆಪರೇಷನ್ ಬಗ್ಗೆ ಬಹಳ ಜನ ಮೊದಲ ದಿನವೇ ಹುಡುಕಲು ಶುರುಮಾಡುತ್ತಾರೆ. ಎದೆಯ ಅಂಗಾಂಶ ತೆಗೆದು ಚಪ್ಪಟೆ ಮಾಡುವ ಶಸ್ತ್ರಚಿಕಿತ್ಸೆ ಭಾರತದಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳು ಮಾಡುತ್ತಾರೆ. ಅದು ವಾಪಸ್ ಬರದ ಹೆಜ್ಜೆ. ಕಲೆ ಉಳಿಯುತ್ತದೆ, ಮೊಲೆತೊಟ್ಟಿನ ಸ್ಪರ್ಶ ಕಮ್ಮಿಯಾಗಬಹುದು, ಮುಂದೆ ಮಗುವಿಗೆ ಹಾಲೂಡಿಸಲು ಆಗದೆ ಹೋಗಬಹುದು. ಹಲವರಿಗೆ ಅದು ಬದುಕನ್ನೇ ಹಗುರ ಮಾಡಿದೆ ಅನ್ನುವುದೂ ಅಷ್ಟೇ ನಿಜ. 18 ತುಂಬಲಿ, ಬಟ್ಟೆ, ಬೈಂಡರ್, ಹೆಸರು ಎಲ್ಲದರ ಜೊತೆ ಸಾಕಷ್ಟು ಕಾಲ ಬದುಕಿ ನೋಡಿ, ಒಬ್ಬರಲ್ಲ ಇಬ್ಬರು ಡಾಕ್ಟರನ್ನು ಕೇಳಿ, ಆಪರೇಷನ್ ಮಾಡಿಸಿಕೊಂಡವರ ಹತ್ತಿರ ಮಾತಾಡಿ.

ಕೊನೆಯದಾಗಿ ಎದೆಯ ಆರೋಗ್ಯ. ಇಷ್ಟವಿಲ್ಲದ ಅಂಗವನ್ನು ನೋಡದೆ, ಮುಟ್ಟದೆ ವರ್ಷ ಕಳೆಯುವವರಲ್ಲಿ ಕಾಯಿಲೆ ತಡವಾಗಿ ಗೊತ್ತಾಗುವ ಅಪಾಯ ಇದೆ. ಹೊಸ ಗಂಟು, ತೊಟ್ಟಿನಿಂದ ರಕ್ತ ಅಥವಾ ನೀರು, ಚರ್ಮ ಗುಳಿಬಿದ್ದದ್ದು ಕಂಡರೆ ಮುಂದೂಡಬೇಡಿ. ಡಾಕ್ಟರ್ ಹತ್ತಿರ ಹೋದಾಗ ಮೊದಲೇ ಹೇಳಿ: "ಎದೆ ತೋರಿಸಲು ನನಗೆ ತುಂಬ ಕಷ್ಟ. ಪರೀಕ್ಷೆ ಮಾಡುವ ಮುಂಚೆ ಏನು ಮಾಡುತ್ತೀರಿ ಅಂತ ಹೇಳಿ, ಬೇಕಾದಷ್ಟು ಭಾಗ ಮಾತ್ರ ತೆಗೆಯುತ್ತೇನೆ." ನಂಬಿಕೆಯ ಒಬ್ಬರನ್ನು ಒಳಗೆ ಜೊತೆಗೆ ನಿಲ್ಲಿಸಿಕೊಳ್ಳಿ. ಬಟನ್ ಇರುವ ಶರ್ಟ್ ಹಾಕಿಕೊಂಡು ಹೋದರೆ ಒಂದು ಬದಿ ಮಾತ್ರ ಸರಿಸಿದರೆ ಸಾಕಾಗುತ್ತದೆ.